ಅರಳುವ ಮುನ್ನ ಉದುರುವ ಮೊಗ್ಗು

ಮಲ್ಲಿಗೆ ಬೆಳೆಗಾರನ ಲೆಕ್ಕ ಉಳಿದ ಬೇಸಾಯಗಾರರ ಲೆಕ್ಕದಂತಲ್ಲ. ರಾಗಿ ಕುಯ್ಲು ಒಂದೆರಡು ದಿನ ತಡವಾದರೂ ನಡೆಯುತ್ತದೆ. ಮಲ್ಲಿಗೆಯಲ್ಲಿ ಮೊಗ್ಗೇ ಬೆಳೆ. ಬಲಿತ ಮೊಗ್ಗನ್ನು ಬೆಳಗಿನ ಜಾವ ಬಿಡಿಸಿ, ಹೊತ್ತೇರುವುದರೊಳಗೆ ಪೇಟೆಗೆ ಮುಟ್ಟಿಸಿದರೆ ಕಾಸು. ಗಿಡದಲ್ಲೇ ಅರಳಿದರೆ ಕೇಳುವವರಿಲ್ಲ. ಬಲಿಯುವ ಮೊದಲೇ ನೆಲಕ್ಕೆ ಬಿದ್ದರೆ ಗೊಬ್ಬರ, ನೀರು, ಕೂಲಿ ಮೂರೂ ಮಣ್ಣುಪಾಲು. ಹೀಗಿರುವಾಗ ಬೆಳಗ್ಗೆ ತೋಟಕ್ಕೆ ಹೋದವನಿಗೆ ಗಿಡದ ಬುಡದಲ್ಲಿ ಹಸಿರು ಮೊಗ್ಗುಗಳು ಹರಡಿ ಬಿದ್ದಿರುವುದು ಕಂಡರೆ ಎದೆ ಒಡೆಯುವುದು ಸಹಜ. ಅದಕ್ಕಿಂತ ಸಹಜವಾದದ್ದು, ಅಲ್ಲಿಂದ ನೇರವಾಗಿ ಔಷಧಿ ಅಂಗಡಿಗೆ ಓಡುವುದು. ಈ ಓಟವನ್ನು ಸ್ವಲ್ಪ ತಡೆಯಬೇಕೆಂಬುದೇ ಈ ವಾರದ ನಮ್ಮ ಮಾತಿನ ಉದ್ದೇಶ.

ಮೊದಲು ಬೆಂಗಳೂರಿನ ಕಡೆ ಒಮ್ಮೆ ನೋಡೋಣ. ಹಳ್ಳಿಯ ಬೆಳೆಗಾರರಿಗೆ ಬಸವನಗುಡಿ, ಮಲ್ಲೇಶ್ವರದ ಅಂಗಳದ ಸುದ್ದಿ ಏಕೆ ಎಂದು ನೀವು ಕೇಳಬಹುದು. ಕಾರಣ ಎರಡು. ಒಂದು, ಆ ಅಂಗಳದವರೇ ನಿಮ್ಮ ಹೂವಿನ ಗಿರಾಕಿಗಳು. ಎರಡು, ಮೊಗ್ಗು ಉದುರಲು ಏನೇನು ಕಾರಣಗಳುಂಟೋ ಅವೆಲ್ಲವೂ ಆ ಹಳೆಯ ಮನೆಗಳ ಅಂಗಳದಲ್ಲಿ ಒಂದೇ ಕಡೆ ನೋಡಸಿಗುತ್ತವೆ.

ಚಾಮರಾಜಪೇಟೆ 1892ರಲ್ಲಿ ಎದ್ದ ಬಡಾವಣೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದಾಗ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಲು ಬಸವನಗುಡಿಯನ್ನೂ ಮಲ್ಲೇಶ್ವರವನ್ನೂ ಕಟ್ಟಿಸಿದರು. ಗಾಳಿ ಬೆಳಕು ಬೇಕೆಂಬುದೇ ಆ ಬಡಾವಣೆಗಳ ಮೂಲ ಆಲೋಚನೆಯಾದ್ದರಿಂದ ಮನೆಗಳಿಗೆ ಅಂಗಳ ಬಂತು, ಅಂಗಳಕ್ಕೆ ಬಾವಿ ಬಂತು, ಬಾವಿಯ ಪಕ್ಕದಲ್ಲಿ ಜಾಜಿಯೋ ಸೂಜಿ ಮಲ್ಲಿಗೆಯೋ ಚಪ್ಪರಕ್ಕೆ ಹಬ್ಬಿತು. ಅಂತಹ ಮನೆಯವರು ದಿನದ ಪೂಜೆಗೂ ಮುಡಿಗೂ ಹೂವನ್ನು ಹಣ ಕೊಟ್ಟು ಕೊಳ್ಳುತ್ತಿದ್ದುದು ಅಪರೂಪ. ಈಗ ಆ ಮನೆಗಳಲ್ಲಿ ಎಷ್ಟೋ ಮನೆಗಳು ಬಹುಮಹಡಿ ಕಟ್ಟಡಗಳಾಗಿವೆ. ಚಪ್ಪರ ಹೋದ ಮನೆಯವರು ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲೋ ಮೊಳದ ಲೆಕ್ಕದಲ್ಲಿ ಹೂ ಕೊಳ್ಳುತ್ತಾರೆ. ಆ ಹೂ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಬೆಳಕು ಹರಿಯುವ ಮೊದಲೇ ನಿಮ್ಮ ಊರುಗಳಿಂದ ಬಂದದ್ದು. ಆದ್ದರಿಂದ ಅಲ್ಲಿ ಉಳಿದಿರುವ ಬಳ್ಳಿಯಿಂದ ಮೊಗ್ಗು ಬಿದ್ದರೆ ಮನೆಯಾಕೆಗೆ ಬೇಸರ, ನಿಮ್ಮ ಬಳ್ಳಿಯಿಂದ ಬಿದ್ದರೆ ಸಂಸಾರಕ್ಕೇ ಹೊಡೆತ.

ಉದುರುವುದು ಎಂದರೇನು ಎಂಬುದನ್ನು ತಿಳಿದರೆ ಕಾರಣ ಹುಡುಕುವುದು ಸುಲಭ. ಮೊಗ್ಗು ಗಾಳಿಗೆ ಮುರಿದು ಬೀಳುವುದಲ್ಲ, ಗಿಡವೇ ಅದನ್ನು ಕಳಚಿಹಾಕುತ್ತದೆ. ತೊಟ್ಟಿನ ಒಂದು ಜಾಗದಲ್ಲಿ ತೆಳ್ಳನೆಯ ಕಣಗಳ ಪದರವೊಂದು ಮೊದಲಿನಿಂದಲೇ ಇರುತ್ತದೆ. ಬೆಳೆಯುತ್ತಿರುವ ಮೊಗ್ಗು ತನ್ನಲ್ಲಿ ತಯಾರಾಗುವ ಆಕ್ಸಿನ್ ಎಂಬ ರಸವನ್ನು ತೊಟ್ಟಿನ ಮೂಲಕ ಕೆಳಕ್ಕೆ ಇಳಿಸುತ್ತಿರುತ್ತದೆ. ಅದು ಎಡೆಬಿಡದೆ ಇಳಿಯುತ್ತಿರುವವರೆಗೆ ಆ ಪದರ ಗಟ್ಟಿ. ಗಿಡಕ್ಕೆ ಬಾಧೆ ತಟ್ಟಿ ಆ ರಸ ಕಡಿಮೆಯಾಯಿತೆಂದರೆ, ಗಿಡದಲ್ಲೇ ಹುಟ್ಟುವ ಎಥಿಲೀನ್ ಎಂಬ ಅನಿಲದ ಕೈ ಮೇಲಾಗುತ್ತದೆ. ಪದರದ ಕಣಗಳ ನಡುವಿನ ಅಂಟು ಕರಗುತ್ತದೆ, ಮೊಗ್ಗು ಕಳಚಿಕೊಳ್ಳುತ್ತದೆ. ಬಡತನ ಬಂದಾಗ ಮನೆಯ ಯಜಮಾನ ಮೊದಲು ಖರ್ಚು ಕಡಿಮೆ ಮಾಡುವಂತೆ, ಗಿಡವೂ ತನ್ನ ಬೇರು ಕಾಂಡಗಳನ್ನು ಉಳಿಸಿಕೊಳ್ಳಲು ಮೊಗ್ಗನ್ನು ಬಿಟ್ಟುಕೊಡುತ್ತದೆ. ಗಿಡ ಹೊರಲಾರದಷ್ಟು ಮೊಗ್ಗು ಹಿಡಿದಾಗ ಸ್ವಲ್ಪ ಉದುರುವುದು ಅದರ ಸ್ವಭಾವವೇ. ಅಷ್ಟಕ್ಕೆ ಗಾಬರಿ ಬೇಡ.

ಎಥಿಲೀನ್ ಎಂಬ ಹೆಸರು ಹೊಸದಾದರೂ ಅದರ ಕೆಲಸ ನಿಮಗೆ ಹಳೆಯದು. ಬಾಳೆಗೊನೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಹೊಗೆ ಹಾಕಿ ಹಣ್ಣು ಮಾಡುವುದನ್ನು ನೀವು ಕಂಡಿದ್ದೀರಿ. ಹೊಗೆಯಲ್ಲಿರುವ ಎಥಿಲೀನೇ ಅಲ್ಲಿ ಕಾಯನ್ನು ಮಾಗಿಸುತ್ತದೆ. ಯೂರೋಪಿನ ಪಟ್ಟಣಗಳಲ್ಲಿ ಬೀದಿ ದೀಪಕ್ಕೆ ಅನಿಲ ಉರಿಸುತ್ತಿದ್ದ ಕಾಲದಲ್ಲಿ, ಕೊಳವೆ ಸೋರಿದ ಕಡೆ ಮರಗಳು ಅಕಾಲದಲ್ಲಿ ಎಲೆ ಉದುರಿಸುತ್ತಿದ್ದವು. ಆ ಅನಿಲದಲ್ಲಿ ಗಿಡಗಳನ್ನು ಕಾಡುವ ಅಂಶ ಎಥಿಲೀನ್ ಎಂದು 1901ರಲ್ಲಿ ರಷ್ಯಾದ ನೆಲ್ಯುಬೋವ್ ಎಂಬಾತ ಬಟಾಣಿ ಸಸಿಗಳ ಮೇಲೆ ತೋರಿಸಿಕೊಟ್ಟ. ಅಂದಮೇಲೆ ಮಲ್ಲಿಗೆ ತೋಟದ ಬದುವಿನಲ್ಲಿ, ಗಾಳಿ ಬರುವ ಕಡೆಯಲ್ಲಿ, ಹಸಿ ಕಸಕಡ್ಡಿ ಗುಡ್ಡೆ ಹಾಕಿ ಹೊಗೆಯಾಡಿಸುವುದು ಒಳ್ಳೆಯದಲ್ಲವೆಂದು ಬೇರೆ ಹೇಳಬೇಕಿಲ್ಲ. ಬಸವನಗುಡಿಯ ಅಂಗಳಗಳಲ್ಲಿ ಗುಡಿಸಿದ ತರಗನ್ನು ಬಳ್ಳಿಯ ಬುಡದಲ್ಲೇ ಸುಡುವ ಚಾಳಿ ಇತ್ತು. ಅದನ್ನು ಬಿಟ್ಟು ಅದೇ ತರಗನ್ನು ಬುಡಕ್ಕೆ ಮುಚ್ಚಿದರೆ ನೆಲದ ಹದವೂ ಉಳಿಯುತ್ತದೆ. ಇನ್ನೊಂದು ಮಾತು. ಬಿಡಿಸಿದ ಮೊಗ್ಗಿನ ಬುಟ್ಟಿಯನ್ನು ಮಾಗಿದ ಬಾಳೆ, ಮಾವಿನ ಹಣ್ಣಿನ ಜೊತೆ ಒಂದೇ ವಾಹನದಲ್ಲಿ ಮುಚ್ಚಿ ಸಾಗಿಸಬೇಡಿ. ಹಣ್ಣಿನಿಂದ ಬರುವ ಅನಿಲಕ್ಕೆ ಹೂ ಬೇಗ ಕಂದುತ್ತದೆ.

ಕಾರಣಗಳಲ್ಲಿ ಮೊದಲನೆಯದು ನೀರು. ನೀರು ಕಡಿಮೆಯಾದದ್ದು ಎಂದಷ್ಟೇ ತಿಳಿಯಬೇಡಿ, ನೀರು ಒಮ್ಮೆ ಇದ್ದು ಒಮ್ಮೆ ಇಲ್ಲದ್ದು ಹೆಚ್ಚು ಕೆಡುಕು. ದುಂಡು ಮಲ್ಲಿಗೆಯ ಸುಗ್ಗಿ ಮಾರ್ಚಿಯಲ್ಲಿ ಆರಂಭವಾಗುತ್ತದೆ, ಬಾವಿಗಳು ಇಳಿಯುವುದೂ ಆಗಲೇ. 2024ರ ಮಾರ್ಚಿಯಲ್ಲಿ ಬೆಂಗಳೂರಿಗೆ ಕುಡಿಯುವ ನೀರಿಗೇ ತತ್ವಾರ ಬಂದಾಗ, ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಕೂಡದೆಂದು ಆಜ್ಞೆ ಮಾಡಿ 5,000 ರೂಪಾಯಿ ದಂಡವನ್ನೂ ಗೊತ್ತುಮಾಡಿತು. ಆಜ್ಞೆ ನ್ಯಾಯವಾದದ್ದೇ. ಆದರೆ ಗಿಡ ಆಜ್ಞೆಯನ್ನು ಓದುವುದಿಲ್ಲ. ಹದಿನೈದು ದಿನ ಒಣಗಿದ ಬಳ್ಳಿಗೆ ಒಂದು ದಿನ ಟ್ಯಾಂಕರಿನ ನೀರು ಸಿಕ್ಕಿತೆಂದು ಕೊಡಗಟ್ಟಲೆ ಸುರಿದರೆ, ಉಳಿದಿದ್ದ ಮೊಗ್ಗೂ ಜಾರಿ ಬೀಳುತ್ತದೆ. ನಿಮ್ಮ ತೋಟಗಳಲ್ಲಿ ವಿದ್ಯುತ್ ಬಂದ ರಾತ್ರಿ ಪಂಪು ಬಿಟ್ಟು, ಇಲ್ಲದ ವಾರ ಸುಮ್ಮನಿರುವುದೂ ಇದೇ ಜಾತಿಯ ನೀರಾವರಿ. ಇದ್ದಷ್ಟು ನೀರನ್ನು ಸ್ವಲ್ಪ ಸ್ವಲ್ಪವಾಗಿ, ತಪ್ಪದೆ ಕೊಡುವುದೇ ಮೊಗ್ಗನ್ನು ಹಿಡಿದಿಡುವ ದಾರಿ. ನಾಲ್ಕು ಬೆರಳು ಆಳಕ್ಕೆ ಮಣ್ಣನ್ನು ಕೆದಕಿ ಹಿಡಿಯಲ್ಲಿ ಅದುಮಿ ನೋಡಿ. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಒಡೆಯುವಂತಿದ್ದರೆ ಹದ ಸರಿಯಾಗಿದೆ.

ನೀರು ಹೆಚ್ಚಾದರೂ ಗತಿ ಅದೇ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಗಾಳಿಯಿಲ್ಲ. ಆಗ ಬೇರು ಎಥಿಲೀನಿನ ಮೂಲವಸ್ತುವನ್ನು ತಯಾರಿಸಿ ಮೇಲಕ್ಕೆ ಕಳುಹಿಸುತ್ತದೆ. ಅದು ಮೇಲೆ ಗಾಳಿ ಸೋಕಿದೊಡನೆ ಎಥಿಲೀನ್ ಆಗಿ ಮಾರ್ಪಟ್ಟು ಎಲೆಯನ್ನೂ ಮೊಗ್ಗನ್ನೂ ಕಳಚುತ್ತದೆ. ಚಾಮರಾಜಪೇಟೆಯ ಕೆಲವು ಅಂಗಳಗಳಲ್ಲಿ ಬಳ್ಳಿಯ ಕುತ್ತಿಗೆಯವರೆಗೆ ಸಿಮೆಂಟು ಹಾಸಿ, ಒಂದು ತಟ್ಟೆಯಷ್ಟು ಮಣ್ಣು ಬಿಟ್ಟಿರುತ್ತಾರೆ. ಒಳಗೆ ಸೇರಿದ ನೀರಿಗೆ ಹೊರದಾರಿಯಿಲ್ಲ. ತಗ್ಗಿನ ಜಮೀನಿನಲ್ಲಿ ಬಸಿಗಾಲುವೆ ತೆಗೆಯದೆ ಮಲ್ಲಿಗೆ ಹಾಕಿದವರ ಪಾಡೂ ಇದೇ. ಬೇಸಗೆಯಲ್ಲಿ ಭರಣಿ ಮಳೆ ಜೋರಾಗಿ ಹುಯ್ದ ಮೂರು ನಾಲ್ಕು ದಿನಗಳಲ್ಲಿ ಮೊಗ್ಗು ರಾಶಿ ಬಿದ್ದರೆ ಹುಳುವನ್ನು ದೂರುವ ಮೊದಲು ಪಾತಿಯ ನೀರು ಬಸಿದು ಹೋಗಿದೆಯೇ ನೋಡಿ.

ನೀರಿನ ಗುಣವೂ ಒಂದು ಮಾತು. ಪಟ್ಟಣದ ಮನೆಗಳಲ್ಲಿ ಶುದ್ಧೀಕರಣ ಯಂತ್ರ ಹೊರಹಾಕುವ ಉಪ್ಪುನೀರನ್ನೂ ಬಟ್ಟೆ ಒಗೆದ ನೀರನ್ನೂ ಕುಂಡಕ್ಕೆ ಸುರಿಯುತ್ತಾರೆ. ಮಣ್ಣಿನಲ್ಲಿ ಲವಣ ಕೂಡಿಕೊಂಡರೆ, ನೀರಿದ್ದರೂ ಬೇರಿಗೆ ಹೀರಲಾಗುವುದಿಲ್ಲ. ಆಳದ ಕೊಳವೆಬಾವಿಯ ಗಡಸು ನೀರು ಹಾಯಿಸುವ ತೋಟಗಳಲ್ಲಿ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ನಿಲ್ಲುವುದು ಕಬ್ಬಿಣದ ಕೊರತೆಯ ಗುರುತು. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಎಲೆಗೆ ಸಿಂಪಡಿಸಿ, ಹಳದಿ ಹೋಗುವವರೆಗೆ ತಿಂಗಳಿಗೊಮ್ಮೆ ಹೀಗೆ ಮಾಡಿ.

ಬಿಸಿಲು, ನೆರಳಿನ ವಿಷಯ ಬೇಗ ಮುಗಿಸಬಹುದು. ಮಲ್ಲಿಗೆಗೆ ಬಿಸಿಲು ಬೇಕೇ ಬೇಕು. ಪಕ್ಕದಲ್ಲಿ ನಾಲ್ಕು ಮಹಡಿ ಎದ್ದ ಮೇಲೆ ಮಲ್ಲೇಶ್ವರದ ಬಳ್ಳಿ ಎಲೆ ತುಂಬಿ ಮೊಗ್ಗು ಕಡಿಮೆಯಾಗುವುದು, ತೆಂಗಿನ ಸಾಲಿನ ಅಡಿಯಲ್ಲಿ ನಿಮ್ಮ ಗಿಡ ಹಾಗಾಗುವುದು ಎರಡೂ ಒಂದೇ. ಆದರೆ ಪಡುವಣ ಗೋಡೆಗೆ ಒರಗಿಸಿದ ಬಳ್ಳಿಗೆ ಸಂಜೆಯ ಬಿಸಿಲಿನ ಜೊತೆ ಗೋಡೆಯ ಕಾವೂ ಸೇರಿ, ಎಳೆ ಮೊಗ್ಗು ಕಮರುತ್ತದೆ. ಬೆಂಗಳೂರಿನಲ್ಲೇ 2016ರ ಏಪ್ರಿಲಿನಲ್ಲಿ ಶಾಖ 39 ಡಿಗ್ರಿ ದಾಟಿತ್ತು. ಬಯಲು ಸೀಮೆಯ ನಿಮಗೆ ಅದು ದೊಡ್ಡ ಮಾತಲ್ಲದಿರಬಹುದು, ಆದರೆ ಒಣಗಾಳಿ ಬೀಸುವ ಕಡೆ ತೋಟದ ಪಶ್ಚಿಮಕ್ಕೆ ಒಂದು ಸಾಲು ಬೇಲಿಗಿಡವಿದ್ದರೆ ನಷ್ಟವಿಲ್ಲ.

ಗಿಡದ ಸ್ಥಿತಿ ತಟ್ಟನೆ ಬದಲಾಗುವುದೂ ಸಾಕು. ಬಸವನಗುಡಿಯ ಮನೆಗಳಲ್ಲಿ ಬ್ರಹ್ಮಕಮಲವೆಂದು ಕರೆಯುವ ಗಿಡವಿದೆ. ಹಿಮಾಲಯದ ಬ್ರಹ್ಮಕಮಲವಲ್ಲ, ಮೆಕ್ಸಿಕೊ ಕಡೆಯಿಂದ ಬಂದ, ಆಸರೆ ಹುಡುಕಿ ಬಾಗುವ ಒಂದು ಕಳ್ಳಿ ಜಾತಿ. ಮಳೆಗಾಲದಲ್ಲಿ ಒಂದೇ ರಾತ್ರಿ ಅರಳಿ ಬೆಳಗಿಗೆ ಬಾಡುವ ಹೂ. ಮೊಗ್ಗು ದಪ್ಪನಾಯಿತೆಂದು, ನೆಂಟರಿಗೆ ತೋರಿಸಲು ಕುಂಡವನ್ನು ಹಿತ್ತಿಲಿನಿಂದ ನಡುಮನೆಗೆ ತಂದಿಟ್ಟರೆ ಅರಳುವ ಮೊದಲೇ ಮೊಗ್ಗು ಜೋಲು ಬಿದ್ದು ಕಳಚುವುದುಂಟು. ಬೆಳಕು, ಗಾಳಿ, ತೇವ ಎಲ್ಲವೂ ಒಮ್ಮೆಗೇ ಬದಲಾದ ಫಲ. ಮೊಗ್ಗು ಕಟ್ಟಿದ ಮಲ್ಲಿಗೆಯ ಬುಡವನ್ನು ಆಳವಾಗಿ ಅಗೆದು ಬೇರು ಕಡಿದಾಗಲೂ ಗಿಡಕ್ಕೆ ಇಂಥದೇ ಆಘಾತ. ಅಗೆತ, ಗೊಬ್ಬರ, ಸವರುವಿಕೆ ಎಲ್ಲವೂ ಮೊಗ್ಗಿಗೆ ಮೊದಲು ಮುಗಿಯಬೇಕು. ಅವರೆ ಬೆಳೆಗಾರರಿಗೂ ಈ ಎಚ್ಚರ ಹೊಂದುತ್ತದೆ. ಹಂಬು ಹೂ ಹೊತ್ತಿರುವಾಗ ನೀರಿನ ಏರುಪೇರಾದರೆ ಅಲ್ಲೂ ಹೂ ನಿಲ್ಲುವುದಿಲ್ಲ.

ಇನ್ನು ಹುಳುಗಳ ಮಾತು. ಇಲ್ಲಿ ನಿಧಾನವಾಗಿ ಓದಿ, ಏಕೆಂದರೆ ಹಣ ಹೋಗುವುದು ಇಲ್ಲೇ. ಮಲ್ಲಿಗೆ ಮೊಗ್ಗಿಗೆ ಮುಖ್ಯ ಶತ್ರುಗಳು ಎರಡು, ಮತ್ತು ಎರಡರ ನಡತೆಯೂ ಬೇರೆ. ಮೊದಲನೆಯದು ಮೊಗ್ಗು ಕೊರೆಯುವ ಹುಳು. ಸಣ್ಣ ಬಿಳಿ ಪತಂಗದ ಮರಿ. ಮೈ ಹಸಿರು, ತಲೆ ಕಪ್ಪು. ಮೊಗ್ಗಿನ ಪಕ್ಕದಲ್ಲಿ ತೂತು ಮಾಡಿ ಒಳಗಿನ ತಿರುಳನ್ನು ತಿನ್ನುತ್ತದೆ. ಒಂದು ಮೊಗ್ಗು ಮುಗಿಸಿ ಪಕ್ಕದ್ದಕ್ಕೆ ಹೋಗುತ್ತದೆ, ಗೊಂಚಲಿನ ಮೊಗ್ಗುಗಳನ್ನು ನೂಲಿನಿಂದ ಸೇರಿಸಿ ಕಟ್ಟುತ್ತದೆ. ತೂತು, ತೂತಿನ ಬಾಯಲ್ಲಿ ಹಿಕ್ಕೆ, ನೂಲು, ನೇರಳೆಗೆ ತಿರುಗಿದ ಮೊಗ್ಗು ಇಷ್ಟು ಗುರುತು ಕಂಡರೆ ಸಂದೇಹವಿಲ್ಲ.

ಎರಡನೆಯದು ಮೊಗ್ಗು ನೊಣ. ಸೊಳ್ಳೆಗಿಂತಲೂ ಚಿಕ್ಕದು, ಬರಿಗಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಎಳೆ ಮೊಗ್ಗಿನೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಬುಡದ ಭಾಗದಲ್ಲಿ ಸೇರಿ ರಸ ಹೀರುತ್ತವೆ. ಹೊರಗೆ ತೂತಿಲ್ಲ, ನೂಲಿಲ್ಲ. ಮೊಗ್ಗು ಉದ್ದಕ್ಕೆ ಬೆಳೆಯದೆ ಬುಡದಲ್ಲಿ ಊದಿಕೊಂಡು, ನೇರಳೆ ಬಣ್ಣಕ್ಕೆ ತಿರುಗಿ, ಒಣಗಿ ಬೀಳುತ್ತದೆ. ಉಗುರಿನಿಂದ ಸೀಳಿ ಬಿಸಿಲಿಗೆ ಹಿಡಿದರೆ ಮಿಸುಕಾಡುವ ಸಣ್ಣ ಮರಿಗಳು ಕಾಣುತ್ತವೆ. ಬಲಿತ ಮರಿ ನೆಲಕ್ಕೆ ಇಳಿದು ಮೇಲ್ಮಣ್ಣಿನಲ್ಲಿ ಕೋಶವಾಗಿ, ಮತ್ತೆ ನೊಣವಾಗಿ ಮೇಲೇಳುತ್ತದೆ. ಈ ಒಂದು ಸಂಗತಿ ತಿಳಿದವನಿಗೆ ಅರ್ಧ ಕೆಲಸ ಆದಂತೆ. ಮೊಗ್ಗಿನೊಳಗೆ ಅಡಗಿದ ಮರಿಗೆ ಮೇಲಿನಿಂದ ಹೊಡೆದ ಔಷಧಿ ತಾಗುವುದು ಕಷ್ಟ. ಆದರೆ ನೆಲಕ್ಕೆ ಬಿದ್ದ ಮೊಗ್ಗನ್ನು ದಿನವೂ ಆರಿಸಿ ಸುಟ್ಟರೆ, ಬುಡದ ಮಣ್ಣನ್ನು ಎರಡು ಬೆರಳು ಆಳಕ್ಕೆ ಕೆದಕಿ ಬಿಸಿಲಿಗೆ ಒಡ್ಡಿದರೆ, ಅದರ ವಂಶ ಅಲ್ಲೇ ಮುರಿಯುತ್ತದೆ. ನೊಣ ಕಂಡ ತೋಟದಲ್ಲಿ, ನಾವು ಹಿಂದೆ ಹೇಳಿದ ತರಗಿನ ಹೊದಿಕೆಯನ್ನು ಆ ಹಂಗಾಮಿಗೆ ತೆಗೆದುಬಿಡಿ. ಬಿದ್ದ ಮೊಗ್ಗನ್ನು ಸುಡುವಾಗಲೂ ತೋಟದಿಂದ ದೂರದಲ್ಲಿ ಸುಡಿ, ಅಥವಾ ಆಳದ ಗುಂಡಿಯಲ್ಲಿ ಹೂಳಿ. ಅದನ್ನು ತಿಪ್ಪೆಗೆ ಎಸೆದರೆ ನೀವೇ ಸಾಕಿದಂತೆ.

ಇವೆರಡಲ್ಲದೆ ಥ್ರಿಪ್ಸ್ ನುಸಿಯೂ ಉಂಟು. ಬಿಳಿ ಕಾಗದದ ಮೇಲೆ ಗೊಂಚಲನ್ನು ತಟ್ಟಿದರೆ ಸಣ್ಣ ಕಡ್ಡಿಯಂತಹ ಜೀವಿಗಳು ಓಡಾಡುವುದು ಕಂಡೀತು. ಮೊಗ್ಗಿನ ಮೇಲೆ ಗೀರು ಬಿದ್ದಂತೆ ಕಂದು ಗೆರೆ ಕಾಣುತ್ತದೆ.

ಇದಾವುದೂ ಇಲ್ಲದೆ, ತೂತಿಲ್ಲದೆ, ಊತವಿಲ್ಲದೆ, ಹಸಿರಾಗಿಯೇ ಇದ್ದ ಮೊಗ್ಗು ತೊಟ್ಟಿನ ಬಳಿ ನಯವಾಗಿ ಕಳಚಿ ಬಿದ್ದಿದ್ದರೆ ಅದು ಹುಳುವಿನ ಕೆಲಸವಲ್ಲ. ನೀರು, ಕಾವು, ಬೇರು ಈ ಮೂರರಲ್ಲಿ ಹುಡುಕಿ. ಅಂತಹ ತೋಟಕ್ಕೆ ಎಷ್ಟು ಔಷಧಿ ಹೊಡೆದರೂ ಪ್ರಯೋಜನವಿಲ್ಲ. ನೀರು ಸರಿಹೋದ ಮೇಲೆ ಉದುರುವುದು ತಾನಾಗಿ ನಿಲ್ಲುತ್ತದೆ, ಹೆಸರು ಔಷಧಿಗೆ ಬರುತ್ತದೆ. ಹೀಗೆಯೇ ಒಂದು ಊರಿನಲ್ಲಿ ಒಂದು ಸೀಸೆಗೆ ಕೀರ್ತಿ ಹಬ್ಬುವುದು.

ಈ ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕೆನಿಸುತ್ತದೆ. ಎರಡು ಮೂರು ಔಷಧಿಗಳನ್ನು ಒಂದೇ ಡ್ರಮ್ಮಿಗೆ ಸುರಿದು ವಾರಕ್ಕೊಮ್ಮೆ ಹೊಡೆಯುವ ಪದ್ಧತಿ ಹೂ ತೋಟಗಳಲ್ಲಿ ಬೇರೂರಿದೆ. ಹೂವನ್ನು ಯಾರೂ ತಿನ್ನುವುದಿಲ್ಲವಲ್ಲ ಎಂಬ ಸಮಾಧಾನ ಬೇರೆ. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಕೂಡದೆಂದು ಸರ್ಕಾರ 2005ರಲ್ಲೇ ನಿಷೇಧಿಸಿತು. ಹಳೆಯ ಕೈಪಿಡಿಗಳಲ್ಲಿ ಮಲ್ಲಿಗೆ ಮೊಗ್ಗಿನ ಹುಳುವಿಗೆ ಅದೇ ಔಷಧಿಯ ಹೆಸರಿದೆ. ಅದನ್ನು ಓದಿ ಇಂದು ಅನುಸರಿಸಬೇಡಿ. ಬೆಳಗಿನ ಜಾವ ಆ ಮೊಗ್ಗನ್ನು ಬರಿಗೈಯಲ್ಲಿ ಬಿಡಿಸುವವರು ನಿಮ್ಮ ಮನೆಯ ಹೆಣ್ಣುಮಕ್ಕಳು. ಗಾಂಧಿ ಬಜಾರಿನ ಪಾದಚಾರಿ ದಾರಿಯಲ್ಲಿ ಕುಳಿತು ಹೂ ಕಟ್ಟುವಾಕೆ ಅದೇ ಮೊಗ್ಗನ್ನು ಗಂಟೆಗಟ್ಟಲೆ ಬೆರಳಲ್ಲಿ ಹಿಡಿದಿರುತ್ತಾಳೆ. ಕೊನೆಗೆ ಅದು ಸೇರುವುದು ಒಂದು ಮಗುವಿನ ಜಡೆಯನ್ನು. ಇದಕ್ಕಿಂತ ಹೆಚ್ಚು ಹೇಳುವುದು ನಮಗೆ ಸರಿಕಾಣದು.

ಕೊರೆಯುವ ಹುಳು ನಿಜವಾಗಿ ಇದ್ದರೆ ಮೊದಲು ಬೇವನ್ನು ಬಳಸಿ. 5 ಕಿಲೊ ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ರಾತ್ರಿ ನೀರಿನಲ್ಲಿ ನೆನೆಸಿ, ಬೆಳಗ್ಗೆ ಸೋಸಿ, 100 ಲೀಟರ್ ಮಾಡಿ, ಸ್ವಲ್ಪ ಸಾಬೂನು ಬೆರೆಸಿ, ಮೊಗ್ಗು ಬಿಡಿಸಿದ ದಿನದ ಸಂಜೆ ಸಿಂಪಡಿಸಿ. ಅದಕ್ಕೂ ಬಗ್ಗದಿದ್ದರೆ ತೋಟಗಾರಿಕೆ ಇಲಾಖೆಯವರನ್ನು ಕೇಳಿ, ಅವರು ಹೇಳಿದ ಒಂದೇ ಔಷಧಿಯನ್ನು, ಹೇಳಿದ ಪ್ರಮಾಣದಲ್ಲಿ ಹೊಡೆಯಿರಿ.

ಇಲಾಖೆಯವರಿಗೂ ನಮ್ಮದೊಂದು ಮಾತಿದೆ. ಉಡುಪಿ, ಮೈಸೂರು, ಹಡಗಲಿ ಈ ಮೂರು ಊರಿನ ಮಲ್ಲಿಗೆಗೂ ಭೌಗೋಳಿಕ ಗುರುತಿನ ಮಾನ್ಯತೆ ಬಂದಿದೆ. ಬಹಳ ಸಂತೋಷ. ಲಾಲ್‌ಬಾಗಿನಲ್ಲಿ ಆಗಸ್ಟ್, ಜನವರಿಗಳ ಫಲಪುಷ್ಪ ಪ್ರದರ್ಶನಕ್ಕೆ ಜನ ಮುಗಿಬೀಳುತ್ತಾರೆ. ಅದೂ ಸಂತೋಷವೇ. ಆದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ನಾಲ್ಕು ಗಾಜಿನ ಸೀಸೆಗಳನ್ನಿಟ್ಟು, ಒಂದರಲ್ಲಿ ಹುಳು ಕೊರೆದ ಮೊಗ್ಗು, ಒಂದರಲ್ಲಿ ನೊಣದ ಮೊಗ್ಗು, ಒಂದರಲ್ಲಿ ನುಸಿಯದು, ಇನ್ನೊಂದರಲ್ಲಿ ಬರೀ ನೀರಿನ ಏರುಪೇರಿಗೆ ಬಿದ್ದದ್ದನ್ನು ತೋರಿಸಿದರೆ ಎಷ್ಟೋ ಸಾವಿರ ರೂಪಾಯಿಯ ಔಷಧಿ ಉಳಿದೀತು. ಇದಕ್ಕೆ ಯೋಜನೆಯೂ ಬೇಡ, ಉದ್ಘಾಟನೆಯೂ ಬೇಡ.

ಗೊಬ್ಬರದ ಮಾತು ಬಿಟ್ಟರೆ ಲೇಖನ ಅರೆಯಾದೀತು. ಯೂರಿಯಾ ಒಂದನ್ನೇ ಸುರಿದ ಗಿಡ ಎಲೆಯಾಗಿ ಬೆಳೆಯುತ್ತದೆ, ಮೊಗ್ಗು ಕಟ್ಟುವುದಿಲ್ಲ, ಕಟ್ಟಿದ್ದು ನಿಲ್ಲುವುದಿಲ್ಲ. ದುಂಡು ಮಲ್ಲಿಗೆಯ ಬೆಳೆದ ಗಿಡವೊಂದಕ್ಕೆ ವರ್ಷಕ್ಕೆ 10 ಕಿಲೊ ಕೊಟ್ಟಿಗೆ ಗೊಬ್ಬರ, ಜೊತೆಗೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸಿದೆ. ರಾಸಾಯನಿಕಗಳನ್ನು ಎರಡು ಪಾಲು ಮಾಡಿ, ಒಂದನ್ನು ಸವರಿದ ಮೇಲೆ, ಇನ್ನೊಂದನ್ನು ಜೂನ್ ಜುಲೈಯಲ್ಲಿ ಕೊಡಬೇಕು. ಸವರುವುದು ನವೆಂಬರ್ ಕೊನೆಯಿಂದ ಜನವರಿಯೊಳಗೆ, ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಹಳೆಯ ಕಡ್ಡಿ ಉಳಿಸಿಕೊಂಡವನಿಗೆ ನೆರಳೂ ಹುಳುವೂ ಉಳಿಯುತ್ತವೆ.

ಈ ಸಲದ ಸುಗ್ಗಿಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ತೋಟದ ಬೇರೆ ಬೇರೆ ಕಡೆಯ ಐದು ಗಿಡಗಳ ಅಡಿಯಲ್ಲಿ ಸಂಜೆ ಹಳೆಯ ಪಂಚೆಯೋ ಸೀರೆಯೋ ಹಾಸಿ. ಬೆಳಗ್ಗೆ ಬಿದ್ದ ಮೊಗ್ಗುಗಳನ್ನು ಆರಿಸಿ, ತೂತಿನದು, ಊದಿದ್ದು, ಗೀರಿನದು, ನಯವಾಗಿ ಕಳಚಿದ್ದು ಎಂದು ನಾಲ್ಕು ಗುಡ್ಡೆ ಮಾಡಿ ಎಣಿಸಿ. ಒಂದು ವಾರ ಹೀಗೆ ಮಾಡಿ, ನೀರು ಕೊಟ್ಟ ದಿನ, ಮಳೆ ಬಂದ ದಿನಗಳನ್ನೂ ಪಕ್ಕದಲ್ಲಿ ಬರೆದಿಡಿ. ಯಾವ ಗುಡ್ಡೆ ದೊಡ್ಡದೋ ಅದರ ಮೊಗ್ಗುಗಳನ್ನು ಖಾಲಿ ಬೆಂಕಿಪೊಟ್ಟಣದಲ್ಲಿ ಹಾಕಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತಾಲ್ಲೂಕಿನ ತೋಟಗಾರಿಕೆ ಕಚೇರಿಗೋ ಹೋಗಿ ತೋರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಬೇಡಿ. ಅದರಲ್ಲಿ ಮೊಗ್ಗು ಬೆವೆತು ಕೊಳೆತು, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ.